ಯಾರ ಮೇಳ, ಯಾವ ಊರು, ಯಾರ ಶಿಷ್ಯರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳು ಮಲಪ್ರಭಾ ನದಿಯ ಸೀಮೆಗೆ ಸೇರಿದವು. ಶಾಲೆಯ ಪುಸ್ತಕದಲ್ಲಿ ಇವುಗಳಿಗೆ ಒಂದೊಂದು ಗುರುತಿದೆ. ಕಿತ್ತೂರೆಂದರೆ 1824ರ ಅಕ್ಟೋಬರ್ 23ರ ಯುದ್ಧ, ರಾಣಿ ಚೆನ್ನಮ್ಮ. ಬೈಲಹೊಂಗಲವೆಂದರೆ ಆಕೆ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ ಊರು, ಆಕೆಯ ಸಮಾಧಿ. ಸವದತ್ತಿಯೆಂದರೆ ರಟ್ಟರ ರಾಜಧಾನಿ, ಯಲ್ಲಮ್ಮನ ಗುಡ್ಡ. ರಾಮದುರ್ಗವೆಂದರೆ ಭಾವೆ ಮನೆತನದ ಸಂಸ್ಥಾನ, 1939ರ ಏಪ್ರಿಲ್‌ನ ದುರಂತ. ಇಷ್ಟು ಗೊತ್ತಿದ್ದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ.

ಆದರೆ ಈ ಊರುಗಳ ರೈತ, ನೇಕಾರ, ಪಿಂಜಾರ, ಬಳೆಗಾರ ದುಡಿಮೆ ಮುಗಿಸಿದ ಮೇಲೆ ರಾತ್ರಿಯನ್ನು ಹೇಗೆ ಕಳೆಯುತ್ತಿದ್ದ? ಏನು ಕೇಳುತ್ತಿದ್ದ, ಏನು ನೋಡುತ್ತಿದ್ದ, ಯಾವುದಕ್ಕೆ ಅಳುತ್ತಿದ್ದ? ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಕಡಿಮೆ. ಉತ್ತರ ಹುಡುಕಲು ಹೊರಟವನು ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗುತ್ತದೆ. ಆಟ ಇದೆ ಎಂಬ ಸುದ್ದಿ ಜನರಿಗೆ ಹೇಗೆ ಮುಟ್ಟುತ್ತಿತ್ತು? ಆಟ ಮುಗಿದ ಮೇಲೆ ಅದರ ನೆನಪು ಎಲ್ಲಿ ಉಳಿಯುತ್ತಿತ್ತು? ಕಲೆಯ ಚರಿತ್ರೆಯ ಜೊತೆಗೆ ಕಲೆಯ ಸುದ್ದಿಗೂ ಒಂದು ಚರಿತ್ರೆಯಿದೆ. ಯಾವ ಸುದ್ದಿ ನಂಬಲು ಯೋಗ್ಯ, ಯಾವುದು ಇಟ್ಟುಕೊಳ್ಳಲು ಯೋಗ್ಯ ಎಂಬುದನ್ನು ಈ ಚರಿತ್ರೆ ನಮಗೆ ಕಲಿಸುತ್ತದೆ.

ಡಂಗುರದಿಂದ ಜಾಹೀರಾತಿಗೆ

ಅಚ್ಚಿನ ಕಾಗದ ಬರುವ ಮೊದಲು ಸುದ್ದಿ ಸಾರುತ್ತಿದ್ದದ್ದು ಹಲಗೆ. ಓಣಿ ಓಣಿಯ ತುದಿಯಲ್ಲಿ ನಿಂತು, ಹಲಗೆ ಬಾರಿಸಿ, ಎತ್ತರದ ದನಿಯಲ್ಲಿ ಕೂಗಿ ಹೇಳುವುದು ಡಂಗುರ. ಕಂದಾಯದ ಸುದ್ದಿಯೂ ಅದರಲ್ಲೇ, ಜಾತ್ರೆಯ ಸುದ್ದಿಯೂ ಅದರಲ್ಲೇ. ಡಂಗುರ ಸಾರುವವನು ಸಾಮಾನ್ಯವಾಗಿ ಊರಿನ ದಲಿತ ಕೇರಿಯವನು. ಊರಿನ ಎಲ್ಲರ ಹೆಸರನ್ನೂ ಕೂಗಿ ಹೇಳಿದ ಆ ಮನುಷ್ಯನ ಹೆಸರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಕಲೆಯ ಸುದ್ದಿಯ ಚರಿತ್ರೆ ಶುರುವಾಗುವುದೇ ಹೀಗೆ, ಹೆಸರಿಲ್ಲದ ಒಬ್ಬ ವಾರ್ತೆಗಾರನಿಂದ.

ಡಂಗುರಕ್ಕೆ ಒಂದು ಗುಣವಿತ್ತು. ಊರು ಚಿಕ್ಕದು, ಕೇಳುವವರೆಲ್ಲ ಪರಿಚಿತರು. ಆದ್ದರಿಂದ ಸುಳ್ಳು ಹೇಳುವಂತಿರಲಿಲ್ಲ. ಬಾರದ ಮೇಳವನ್ನು ಬರುತ್ತದೆಂದು ಸಾರಿದರೆ ಮರುದಿನ ಬೆಳಿಗ್ಗೆ ಅದೇ ಓಣಿಯಲ್ಲಿ ತಲೆ ಎತ್ತಿ ನಡೆಯಬೇಕಲ್ಲ! ಜನ ಕೇಳುತ್ತಿದ್ದ ಪ್ರಶ್ನೆಗಳೂ ನೇರವಾದವು: "ಆಟ ಎಲ್ಲೈತಿ? ಯಾವೂರ ಮೇಳ? ಯಾರು ಹಾಡತಾರ?" ಈ ಮೂರು ಪ್ರಶ್ನೆಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮುಂದೆ ಅಚ್ಚಿನ ಕರಪತ್ರ ಬಂದಾಗ ಅದಕ್ಕೆ ಕನ್ನಡದಲ್ಲಿ 'ಜಾಹೀರಾತು' ಎಂಬ ಹೆಸರು ನಿಂತಿತು. ಉರ್ದು ಶಾಲೆಯ ಬೆಂಚಿನಿಂದ ಕನ್ನಡ ಶಾಲೆಯ ಬೆಂಚಿಗೆ ಬಂದ ನನ್ನಂಥವರಿಗೆ ಈ ಪದ ಹಳೆಯ ನೆಂಟನಂತೆ ಕಾಣುತ್ತದೆ. 'ಜಾಹಿರ್' ಅಂದರೆ ಕಣ್ಣಿಗೆ ಕಾಣುವಂಥದ್ದು, ಬಯಲಾದದ್ದು. ಮುಚ್ಚಿದ್ದನ್ನು ಬಯಲು ಮಾಡುವುದೇ ಜಾಹೀರು ಮಾಡುವುದು. ಉರ್ದುವಿನಲ್ಲಿ ಜಾಹೀರಾತಿಗೆ 'ಇಶ್ತಿಹಾರ್' ಎನ್ನುತ್ತಾರೆ. ಅದು 'ಮಶ್‌ಹೂರ್' ಎಂಬ ಮಾತಿನ ಒಡಹುಟ್ಟು. ಹೆಸರು ಹರಡುವುದು ಎಂಬ ಅರ್ಥ ಅದರಲ್ಲಿದೆ. ಒಂದು ಪದ ಇದ್ದದ್ದನ್ನು ಇದ್ದಂತೆ ತೋರಿಸು ಎನ್ನುತ್ತದೆ, ಇನ್ನೊಂದು ಹೆಸರು ಹಬ್ಬಿಸು ಎನ್ನುತ್ತದೆ. ಕಲೆಯ ಸುದ್ದಿ ಈ ಎರಡರ ನಡುವೆ ಇಂದಿಗೂ ಜಗ್ಗಾಡುತ್ತಿದೆ.

ಲಾವಣಿಯೇ ಪತ್ರಿಕೆ

ಪತ್ರಿಕೆ ಇಲ್ಲದ ಕಾಲದಲ್ಲಿ ಈ ಸೀಮೆಯ ಪತ್ರಿಕೆಯಾಗಿದ್ದದ್ದು ಲಾವಣಿ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಸರ್ಕಾರದ ಕಾಗದದಲ್ಲಿ ಅವನು ದಂಗೆಕೋರ. ಜನ ಮಾತ್ರ ಅವನ ಸುದ್ದಿಯನ್ನು ಹಾಡು ಮಾಡಿಕೊಂಡರು. ಡಪ್ಪು, ತುಂತುಣಿ, ತಾಳ ಹಿಡಿದ ಇಬ್ಬರು ಮೂವರು ಗಾಯಕರು ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ ಆ ಸುದ್ದಿಯನ್ನು ಒಯ್ದರು. ರಾಯಣ್ಣ ಬೀಡಿಯ ಕಚೇರಿಯ ಮೇಲೆ ಬಿದ್ದದ್ದು, ಹಿಡಿದುಕೊಟ್ಟವರ ದ್ರೋಹ, ಗಲ್ಲು ಎಲ್ಲವೂ ಓದು ಬಾರದ ಜನರಿಗೆ ತಲುಪಿದ್ದು ಹೀಗೆ.

ಆ ಹಾಡುಗಳಲ್ಲಿ ಕೆಲವು ಕಾಗದಕ್ಕೆ ಇಳಿದ ಕಥೆ ವಿಚಿತ್ರವಾಗಿದೆ. ಇಳಿಸಿದವನು ಮುಂಬಯಿ ಪ್ರಾಂತದ ಇಂಗ್ಲಿಷ್ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್. 1880ರ ದಶಕದ ಉತ್ತರಾರ್ಧದಲ್ಲಿ ಅವನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಕನ್ನಡ ಲಾವಣಿಗಳ ಒಂದು ಮಾಲೆಯನ್ನೇ ಅನುವಾದದೊಂದಿಗೆ ಪ್ರಕಟಿಸಿದ. ಆ ಮಾಲೆಯಲ್ಲಿ ಸಂಗೊಳ್ಳಿ ರಾಯಣ್ಣನ ಹಾಡಿದೆ, ಹಲಗಲಿ ಬೇಡರ ಹಾಡಿದೆ, ಆದಾಯ ತೆರಿಗೆಯನ್ನು ಬೈಯುವ ಹಾಡೂ ಇದೆ. ಯಾವ ಆಡಳಿತದ ವಿರುದ್ಧ ಜನ ಹಾಡಿದರೋ ಆ ಆಡಳಿತದವನೇ ಅದನ್ನು ಬರೆದಿಟ್ಟ. ನಮ್ಮವರು ಬರೆದಿಡುವ ಹೊತ್ತಿಗೆ ಎಷ್ಟು ಹಾಡುಗಳು ಹೋಗಿದ್ದವೋ ಯಾರು ಬಲ್ಲರು?

ಫ್ಲೀಟನ ಮಾಲೆಯಲ್ಲಿ ಇನ್ನೊಂದು ಹಾಡಿದೆ, ಅದು ಸಂಗ್ಯಾನದು. ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ನಂಬಿರುವ ಒಂದು ಕೊಲೆಯ ಕಥೆ. ಸಾಹುಕಾರ ಸಂಗ್ಯಾ ಈರ್ಯಾನ ಹೆಂಡತಿ ಗಂಗಿಯ ಮೇಲೆ ಮನಸ್ಸಿಟ್ಟ. ಜೀವದ ಗೆಳೆಯ ಬಾಳ್ಯಾ ಕೊನೆಗೆ ಅವನನ್ನು ಹಿಡಿದುಕೊಟ್ಟ. ಈರ್ಯಾ ಮತ್ತು ಅವನ ತಮ್ಮಂದಿರು ಅವನನ್ನು ಕೊಂದರು. ಇಂದಾಗಿದ್ದರೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುತ್ತಿತ್ತು. ಅಂದು ಅದು ಲಾವಣಿಯಾಯಿತು, ಆಮೇಲೆ ಸಣ್ಣಾಟವಾಯಿತು. ಅದನ್ನು ಆಟವಾಗಿ ಕಟ್ಟಿದವರು ಪತ್ತಾರ ಮಾಸ್ತರ ಎಂದು ಜನಪದ ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಯ ಪುರಾಣದ ರಾಜರು ಬಂದರೆ ಸಣ್ಣಾಟದಲ್ಲಿ ಧೋತರ ಉಟ್ಟ ನೆರೆಮನೆಯ ಮನುಷ್ಯನೇ ಬರುತ್ತಾನೆ. ಆದ್ದರಿಂದಲೇ ಸಂಗ್ಯಾ ಬಾಳ್ಯಾ ಉತ್ತರ ಕರ್ನಾಟಕದ ಮನೆಮಾತಾಯಿತು. ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಓದುವವರ ಜಗತ್ತಿಗೆ ತಂದರು.

ಲಾವಣಿಯ ರಚನೆಯಲ್ಲೇ ಒಂದು ಜಾಣತನವಿದೆ. ಹಾಡಿನ ಕೊನೆಯ ನುಡಿಯಲ್ಲಿ ಕವಿ ತನ್ನ ಊರಿನ ಹೆಸರು, ಗುರುವಿನ ಹೆಸರು, ತನ್ನ ಹೆಸರನ್ನು ಸೇರಿಸುವುದು ರೂಢಿ. ಕಾಗದ ಇಲ್ಲದವನು ತನ್ನ ಸಹಿಯನ್ನು ಹಾಡಿನೊಳಗೇ ಹೊಲಿದಿಟ್ಟ. ಹಾಡು ಎಲ್ಲಿಗೆ ಹೋದರೂ ವಿಳಾಸ ಅದರ ಜೊತೆಗೇ ಹೋಯಿತು. ಈ ಭಾಗದ ಕಲಾವಿದರ ಹೆಸರುಗಳನ್ನೇ ನೋಡಿ: ಏಣಗಿ ಬಾಳಪ್ಪ, ಕೌಜಲಗಿ ನಿಂಗಮ್ಮ, ಹಲಸಂಗಿ ಖಾಜಾಭಾಯಿ. ಊರೇ ಅವರ ಮನೆತನದ ಹೆಸರು. 'ಯಾವೂರ ಮೇಳ' ಎಂಬ ಪ್ರಶ್ನೆಗೆ ಹೆಸರಿನಲ್ಲೇ ಉತ್ತರವಿದೆ.

ಹಲಸಂಗಿ ಎಂದೊಡನೆ ಇನ್ನೊಂದು ಮಾತು ಹೇಳಬೇಕು. ಇಂದಿನ ವಿಜಯಪುರ ಜಿಲ್ಲೆಯ ಆ ಹಳ್ಳಿಯ ಗೆಳೆಯರು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ. 1930ರ ದಶಕದಲ್ಲಿ ಅವರು 'ಗರತಿಯ ಹಾಡು', 'ಜೀವನ ಸಂಗೀತ' ಮುಂತಾದ ಸಂಗ್ರಹಗಳನ್ನು ಹೊರತಂದರು. ಫ್ಲೀಟ್ ಮಾಡಿದ್ದನ್ನು ಇವರು ತಮ್ಮ ಊರಿನವರಾಗಿ ಮಾಡಿದರು. ಒಬ್ಬ ಲಿಂಗಾಯತ, ಒಬ್ಬ ಮುಸಲ್ಮಾನ ಕೂಡಿ ಕುಳಿತು ಅಜ್ಜಿಯರ ಹಾಡು, ಲಾವಣಿಕಾರರ ಪದ ಬರೆದುಕೊಂಡ ಆ ಕೆಲಸ ಮಲಪ್ರಭೆಯ ಸೀಮೆಯಲ್ಲೂ ಅಷ್ಟೇ ದೊಡ್ಡದಾಗಿ ನಡೆದಿದ್ದರೆ ಎಂದು ಅನಿಸದೆ ಇರದು.

ಹರದೇಶಿ ನಾಗೇಶಿ: ಕೇಳುಗನೇ ಪಂಚ

ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಂಗಡಗಳು. ತುರಾಯಿ, ಕಲ್ಗಿ ಎಂದೂ ಇವನ್ನು ಕರೆಯುತ್ತಾರೆ. ಒಂದು ಶಿವ ಹೆಚ್ಚು ಎನ್ನುತ್ತದೆ, ಇನ್ನೊಂದು ಶಕ್ತಿ ಹೆಚ್ಚು ಎನ್ನುತ್ತದೆ. ರಾತ್ರಿಯಿಡೀ ಸವಾಲು ಜವಾಬು. ಈ ಪರಂಪರೆಯ ಮೂಲದ ಬಗ್ಗೆ ಒಂದು ಹೇಳಿಕೆಯಿದೆ. ತುಕನಗೀರ ಎಂಬ ಗೋಸಾವಿ, ಶಾಹ್ ಅಲಿ ಎಂಬ ಫಕೀರ ಇಬ್ಬರೂ ಮಧ್ಯಭಾರತದ ಚಂದೇರಿಯ ಅರಸನ ಎದುರು ವಾದಿಸಿ ಹಾಡಿದರಂತೆ. ಯಾರು ಗೆದ್ದರೆಂದು ಹೇಳಲಾರದ ಅರಸ ತನ್ನ ಕಿರೀಟದ ತುರಾಯಿಯನ್ನು ಒಬ್ಬನಿಗೂ ಕಲ್ಗಿಯನ್ನು ಇನ್ನೊಬ್ಬನಿಗೂ ಕೊಟ್ಟನಂತೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದನ್ನು ಹೇಳಿಕೊಂಡು ಬಂದವರು ಹಿಂದೂ ಮುಸ್ಲಿಂ ಗಾಯಕರಿಬ್ಬರೂ. ತಮ್ಮ ಕಲೆಯ ವಂಶಾವಳಿಯ ತುದಿಯಲ್ಲಿ ಅವರು ಇಬ್ಬರನ್ನೂ ಕೂಡಿಸಿಯೇ ಇಟ್ಟರು. ಇದಕ್ಕೆ ಸರ್ಕಾರದ ಸೌಹಾರ್ದ ಸಮಿತಿ ಬೇಕಾಗಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಕೇಳುಗರ ಪಾತ್ರ. ಯಾವ ಮೇಳ ಜವಾಬು ಕೊಡಲಾಗದೆ ತಡವರಿಸಿತು, ಯಾವ ಮೇಳದ ಮಾತು ಹದ ಮೀರಿತು ಎಂಬ ತೀರ್ಪು ಮರುದಿನ ಬಾವಿಕಟ್ಟೆಯಲ್ಲಿ, ಚಹಾ ಅಂಗಡಿಯಲ್ಲಿ ನಡೆಯುತ್ತಿತ್ತು. ಮುಂದಿನ ಊರಿನವರು ಆ ತೀರ್ಪು ಕೇಳಿಯೇ ವೀಳ್ಯ ಕೊಡುತ್ತಿದ್ದರು. ಬರಿಯ ಹೊಗಳಿಕೆಯಿಂದ ಕಲೆ ಬೆಳೆಯುವುದಿಲ್ಲ ಎಂಬ ತಿಳಿವಳಿಕೆ ಹಳ್ಳಿಯ ಜನಕ್ಕಿತ್ತು. ಇಂದು ನಮ್ಮ ಕಲಾ ವರದಿಗಳಲ್ಲಿ ಪ್ರತಿ ಕಾರ್ಯಕ್ರಮವೂ 'ಪ್ರೇಕ್ಷಕರ ಮನಸೂರೆಗೊಂಡಿತು'. ಮನಸೂರೆಗೊಳ್ಳದ ಕಾರ್ಯಕ್ರಮ ಕನ್ನಡ ನಾಡಿನಲ್ಲಿ ನಡೆಯುವುದೇ ಇಲ್ಲವೇ?

ರಿವಾಯತ್ ಎಂಬ ಮಾತು

ಉತ್ತರ ಕರ್ನಾಟಕದ ಮೊಹರಂನಲ್ಲಿ ಹಾಡುವ ಪದಗಳಿಗೆ ರಿವಾಯತ್ ಎಂಬ ಹೆಸರಿದೆ. ಕರ್ಬಲಾದ ದುಃಖ, ಹಸನ್ ಹುಸೇನರ ಕಥೆ, ಅದರ ಜೊತೆಗೆ ಊರಿನ ಸುಖದುಃಖ ಎಲ್ಲವೂ ಅಚ್ಚ ಕನ್ನಡದಲ್ಲಿ. ಹಾಡುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ರಹಮತ್ ತರೀಕೆರೆಯವರು 'ಕರ್ನಾಟಕದ ಮೊಹರಂ' ಕೃತಿಯಲ್ಲಿ ಈ ಲೋಕವನ್ನು ಊರೂರು ತಿರುಗಿ ದಾಖಲಿಸಿದ್ದಾರೆ.

ನಮ್ಮ ಸೀಮೆಯದೇ ಒಂದು ಉದಾಹರಣೆ ಸವದತ್ತಿ ತಾಲೂಕಿನ ಹಿರೇಬೂದನೂರ. ಮುಸ್ಲಿಂ ಕುಟುಂಬವೇ ಇಲ್ಲದ ಈ ಊರು ಐದು ದಿನ ಮೊಹರಂ ಆಚರಿಸುವ ಸುದ್ದಿ 2022ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹಿಂದೆ ಇಬ್ಬರು ಮುಸ್ಲಿಂ ಸೋದರರು ಕಟ್ಟಿಸಿದರೆಂದು ಹೇಳುವ ಫಕೀರೇಶ್ವರ ಸ್ವಾಮಿ ಮಸೀದಿಯನ್ನು ಊರಿನವರೇ ನೋಡಿಕೊಳ್ಳುತ್ತಾರೆ. ಮೊಹರಂ ದಿನಗಳಲ್ಲಿ ಪಕ್ಕದ ಊರಿನ ಮೌಲ್ವಿಯನ್ನು ಕರೆಸುತ್ತಾರೆ. ಕರ್ಬಲ್ ಕುಣಿತ, ಹಗ್ಗದ ಆಟ, ಕೆಂಡ ಹಾಯುವುದು ಎಲ್ಲ ಇರುತ್ತದೆ.

ಇಂಥ ಆಚರಣೆಗಳ ಬಗ್ಗೆ ನಮ್ಮ ಓದುಗರಲ್ಲಿ ಎರಡು ಅಭಿಪ್ರಾಯಗಳಿವೆ ಎಂಬುದು ನನಗೆ ಗೊತ್ತು. ದುಃಖದ ದಿನದಂದು ಹಲಗೆ ಬಾರಿಸಿ ಕುಣಿಯುವುದು ದೀನ್‌ಗೆ ಹೊಂದುತ್ತದೆಯೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಉಲಮಾಗಳು ಚರ್ಚಿಸಲಿ. ಚರಿತ್ರೆ ಬರೆಯುವವನ ಕೆಲಸ ಬೇರೆ: ಆದದ್ದನ್ನು ಆಯಿತು ಎಂದು ಬರೆಯಬೇಕು. ತನಗೆ ಒಪ್ಪಿಗೆಯಾಗದ್ದನ್ನು ಅಳಿಸಿದರೆ ಅದು ಚರಿತ್ರೆಯಾಗುವುದಿಲ್ಲ. ಇನ್ನೊಂದು ಬದಿಯವರಿಗೂ ಇದೇ ಮಾತು ಅನ್ವಯಿಸುತ್ತದೆ. ಜಾತ್ರೆಯ ಚರಿತ್ರೆಯಿಂದ ಮುಸಲ್ಮಾನ ಬಳೆಗಾರನನ್ನೂ ವಾದ್ಯದವನನ್ನೂ ತೆಗೆದುಹಾಕಿ ಬರೆಯುವವರಿಗೆ ಊರಿನ ಮುದುಕರೇ ಸಾಕ್ಷಿ ಹೇಳುತ್ತಾರೆ.

ಈಗ 'ರಿವಾಯತ್' ಎಂಬ ಪದವನ್ನೇ ನೋಡೋಣ. ಅರಬ್ಬಿಯಲ್ಲಿ ಅದರ ಅರ್ಥ ಕೇಳಿದ್ದನ್ನು ಕೇಳಿದಂತೆ ಇನ್ನೊಬ್ಬರಿಗೆ ಮುಟ್ಟಿಸುವುದು. ಹದೀಸಿನ ವಿದ್ವಾಂಸರು ಒಂದು ಮಾತನ್ನು ಒಪ್ಪುವ ಮೊದಲು ಕೇಳುತ್ತಿದ್ದದ್ದು 'ಏನು ಹೇಳಿದರು' ಎಂಬುದನ್ನಷ್ಟೇ ಅಲ್ಲ. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ಅವರು ಎಂಥವರು ಎಂಬುದನ್ನೂ ಕೇಳುತ್ತಿದ್ದರು. ಈ ಹೆಸರುಗಳ ಸರಪಳಿಗೆ 'ಇಸ್ನಾದ್' ಎನ್ನುತ್ತಾರೆ. ಸರಪಳಿಯ ಕೊಂಡಿ ತುಂಡಾದರೆ ಮಾತಿನ ತೂಕವೂ ಇಳಿಯುತ್ತದೆ. ಹಳ್ಳಿಯ ಮನುಷ್ಯ 'ಯಾವೂರ ಮೇಳ, ಯಾರು ಹಾಡತಾರ' ಎಂದು ಕೇಳಿದಾಗ, ಲಾವಣಿಕಾರ ಕೊನೆಯ ನುಡಿಯಲ್ಲಿ ಗುರುವಿನ ಹೆಸರಿಟ್ಟಾಗ ಅವರು ಅರಿಯದೆಯೇ ಇದೇ ಶಿಸ್ತನ್ನು ಪಾಲಿಸಿದರು. ಕಲೆಯ ಸುದ್ದಿಗೆ ಬೆಲೆ ಬರುವುದು ಈ ಸರಪಳಿಯಿಂದ.

ಗುಡ್ಡದ ಹಾಡು, ಹಾಡಿನ ಬೆಲೆ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಕರ್ನಾಟಕ, ಮಹಾರಾಷ್ಟ್ರಗಳಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ಕನ್ನಡ ಮರಾಠಿ ಎರಡೂ ಅಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ. ಚೌಡಿಕೆಯ ದನಿ ಆ ಗುಡ್ಡದ ಗುರುತು. ಜೋಗಮ್ಮ, ಜೋಗಪ್ಪಂದಿರು ಚೌಡಿಕೆ ಹಿಡಿದು ಹಾಡುವ ಯಲ್ಲಮ್ಮನ ಕಥೆ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಕುಣಿತ ನೋಡಿದವರು ಮರೆಯುವುದಿಲ್ಲ.

ಆದರೆ ಇದನ್ನು ಕೇವಲ 'ನಯನಮನೋಹರ ಜನಪದ ಕಲೆ' ಎಂದು ಸಾರಿದರೆ ಅದು ಅರ್ಧ ಸುದ್ದಿ. ಆ ಹಾಡಿನ ಹಿಂದೆ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಬದುಕಿದೆ. ಹೆಚ್ಚಿನವರು ದಲಿತ ಮನೆಗಳ ಮಕ್ಕಳು. ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ರೂಪುಗೊಂಡದ್ದು 1982ರಲ್ಲಿ. ಕಲೆಯನ್ನು ಹೊಗಳಿ ಕಲಾವಿದೆಯ ಸಂಕಟವನ್ನು ಮುಚ್ಚುವ ಸುದ್ದಿ ಜಾಹಿರ್ ಮಾಡಿದಂತೆ ಕಂಡರೂ ಮುಚ್ಚಿಟ್ಟಂತೆಯೇ. ಹಾಗೆಂದು ಪದ್ಧತಿ ಕೆಟ್ಟದ್ದೆಂಬ ಕಾರಣಕ್ಕೆ ಆ ಹೆಣ್ಣುಮಕ್ಕಳ ವಿದ್ಯೆಯನ್ನೂ ಕಸಕ್ಕೆ ಎಸೆಯುವುದು ಇನ್ನೊಂದು ಅನ್ಯಾಯ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಇದೇ ಯಲ್ಲಮ್ಮ ಪರಂಪರೆಯ ಜೋಗತಿ ಕುಣಿತದಿಂದ ಬಂದವರು. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಒಂದು ಹೆಸರು ಬೆಳಕಿಗೆ ಬಂದುದರಿಂದ ಎಷ್ಟೋ ಹೆಸರಿಲ್ಲದವರಿಗೆ ಮಾನ ಬಂತು. ಹೆಸರಿನ ಶಕ್ತಿ ಅದು.

ಕಂಪನಿಯ ಕರಪತ್ರ

ಇಪ್ಪತ್ತನೆಯ ಶತಮಾನ ಬಂದಂತೆ ವೃತ್ತಿ ನಾಟಕ ಕಂಪನಿಗಳು ಬಂದವು. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪ ಬಾಲನಟನಾಗಿ ಬಣ್ಣ ಹಚ್ಚಿದರು. ಮುಂದೆ ಕಲಾವೈಭವ ನಾಟ್ಯ ಸಂಘ ಕಟ್ಟಿ ದಶಕಗಳ ಕಾಲ ಊರೂರು ತಿರುಗಿದರು. 'ಜಗಜ್ಯೋತಿ ಬಸವೇಶ್ವರ' ನಾಟಕದ ಅವರ ಬಸವಣ್ಣನನ್ನು ನೋಡಿದ ತಲೆಮಾರು ಬಸವಣ್ಣನೆಂದರೆ ಹಾಗೆಯೇ ಇದ್ದಿರಬೇಕೆಂದು ನಂಬಿತು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ ನೂರ ಮೂರು ವರ್ಷ. ಲಕ್ಷ್ಮೀಬಾಯಿ ಏಣಗಿಯವರೂ ಅದೇ ರಂಗದಲ್ಲಿ ಹೆಸರು ಮಾಡಿದರು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲ ದಾಟಿ ಹೆಣ್ಣುಮಕ್ಕಳು ರಂಗಕ್ಕೆ ಬಂದಾಗ ಅವರು ಎದುರಿಸಿದ ಮಾತುಗಳು ಒಂದೆರಡಲ್ಲ. ಇದಕ್ಕೂ ಮೊದಲೇ ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ನಿಂತು ಹಾಡಿ ಗೆದ್ದಿದ್ದರು. ಬೀಳಗಿಯ ಅಮೀರಬಾಯಿ ಇದೇ ಉತ್ತರ ಕರ್ನಾಟಕದ ಹವೆಯಲ್ಲಿ ಬೆಳೆದು ಮುಂಬಯಿಗೆ ಹೋದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ತುಂಬ ಮನೆಮಾತಾದರು. ಆದರೂ ಊರನ್ನು ಬಿಡಲಿಲ್ಲ; ಅಮೀರಬಾಯಿ 'ಕರ್ನಾಟಕಿ' ಎಂದೇ ಕರೆಸಿಕೊಂಡರು.

ಕಂಪನಿ ಒಂದು ಊರಿನಲ್ಲಿ ಕ್ಯಾಂಪ್ ಮಾಡಿತೆಂದರೆ ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ಚಕ್ಕಡಿಗೆ ಬೋರ್ಡು ಕಟ್ಟಿ, ಮುಂದೆ ವಾದ್ಯ ಬಾರಿಸುತ್ತ, ಬಣ್ಣದ ತೆಳು ಕಾಗದದ ಕರಪತ್ರಗಳನ್ನು ತೂರುತ್ತ ಹೋದರೆ ಮಕ್ಕಳ ದಂಡೇ ಬೆನ್ನು ಹತ್ತುತ್ತಿತ್ತು. ಆ ಕರಪತ್ರದಲ್ಲಿ ನಾಟಕದ ಹೆಸರು, ಹೊತ್ತು, ನೆಲ ಖುರ್ಚಿಗಳ ದರ, ಹೆಣ್ಣುಮಕ್ಕಳಿಗೆ ಬೇರೆ ಕೂರುವ ವ್ಯವಸ್ಥೆ, ಹೆಸರಾಂತ ನಟರ ಹೆಸರು ಎಲ್ಲ ಇರುತ್ತಿತ್ತು. ಉತ್ಪ್ರೇಕ್ಷೆಗೂ ಕೊರತೆಯಿರಲಿಲ್ಲ. ಆದರೂ ನೋಡುವವನಿಗೆ ಬೇಕಾದ ಮಾಹಿತಿ ಅಂಗೈಯಗಲದ ಕಾಗದದಲ್ಲಿ ಸಿಗುತ್ತಿತ್ತು.

ಅದರ ಕೊರತೆ ಬೇರೆಯದು. 'ಇಂದು ರಾತ್ರಿ' ಎಂದು ಸಾರುವ ಕಾಗದಕ್ಕೆ ಇಸವಿಯ ಅಗತ್ಯ ಕಾಣುವುದಿಲ್ಲ. ನಾಳೆ ಅದು ಕಿರಾಣಿ ಅಂಗಡಿಯ ಪೊಟ್ಟಣ. ಪರದೆ ಬರೆದವನು, ಹಾರ್ಮೋನಿಯಂ ಮಾಸ್ತರ, ತಬಲದವನು, ಗ್ಯಾಸ್‌ಬತ್ತಿ ಏರಿಸಿದವನು ಅದರಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಬಾಳಪ್ಪನವರ ನೆನಪುಗಳನ್ನು ಪತ್ರಕರ್ತ ಗಣೇಶ ಅಮೀನಗಡ ಬರಹಕ್ಕೆ ಇಳಿಸಿದ್ದರಿಂದ ಒಂದು ಕಂಪನಿಯ ಒಳಗಿನ ಬದುಕು ಉಳಿಯಿತು. ಉಳಿದ ಕಂಪನಿಗಳ ಎಷ್ಟೋ ನಟರು ಮುಪ್ಪಿನಲ್ಲಿ ಮಾಸಾಶನಕ್ಕೆ ಅರ್ಜಿ ಹಾಕಬೇಕಾಗಿ ಬಂದಾಗ ತಾವು ನಟರಾಗಿದ್ದೆವು ಎಂಬುದಕ್ಕೆ ಪುರಾವೆ ಹುಡುಕಬೇಕಾಯಿತು. ದಾಖಲೆ ಎಂಬುದು ಪಂಡಿತರ ಚಟವಲ್ಲ, ಅದು ಬಡ ಕಲಾವಿದನ ಅನ್ನದ ಪ್ರಶ್ನೆ.

ರೇಡಿಯೋದಿಂದ ಉತ್ಸವದವರೆಗೆ

1950ರ ಜನವರಿಯಲ್ಲಿ ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾಯಿತು. ಹಳ್ಳಿಯ ಗೀಗೀ ಮೇಳ, ಪಾರಿಜಾತದ ಹಾಡು ರೇಡಿಯೋದಲ್ಲಿ ಬಂದವು. ರೇಡಿಯೋ ಮಾಡಿದ ಒಂದು ದೊಡ್ಡ ಉಪಕಾರವನ್ನು ನಾವು ಗಮನಿಸುವುದೇ ಇಲ್ಲ. ಹಾಡು ಹಾಕುವ ಮೊದಲು ಹಾಡಿದವರ ಹೆಸರು, ಸಂಗಡಿಗರ ಹೆಸರು, ಊರಿನ ಹೆಸರು ಹೇಳುವುದು ಅದರ ಪದ್ಧತಿ. ಲಾವಣಿಯ ಕೊನೆಯ ನುಡಿ ಮಾಡುತ್ತಿದ್ದ ಕೆಲಸವನ್ನು ಉದ್ಘೋಷಕರು ಮಾಡಿದರು. ಆದರೆ ರಾತ್ರಿಯಿಡೀ ಹಾಡುತ್ತಿದ್ದ ಮೇಳ ಕೆಲವೇ ನಿಮಿಷಗಳಲ್ಲಿ ಮುಗಿಸಬೇಕಾಯಿತು. ಸವಾಲು ಉಳಿಯಿತು, ಜವಾಬಿಗೆ ಹೊತ್ತು ಸಾಲಲಿಲ್ಲ.

ಸಿನಿಮಾ ಈ ಸೀಮೆಯ ಕಥೆಯನ್ನು ನಾಡಿಗೆಲ್ಲ ಕೊಂಡೊಯ್ದಿತು. 1961ರಲ್ಲಿ ಬಿ. 
ಆರ್. ಪಂತುಲು ನಿರ್ದೇಶನದ 'ಕಿತ್ತೂರು ಚೆನ್ನಮ್ಮ' ಬಂತು, ಬಿ. ಸರೋಜಾದೇವಿ ಚೆನ್ನಮ್ಮನಾದರು. 2012ರಲ್ಲಿ 'ಸಂಗೊಳ್ಳಿ ರಾಯಣ್ಣ' ಬಂತು. ಈ ಕಥೆಗಳನ್ನು ನೂರಕ್ಕೂ ಹೆಚ್ಚು ವರ್ಷ ಕಾದಿಟ್ಟವರು ಲಾವಣಿಕಾರರು. ಸಿನಿಮಾ ನೋಡಿ ಚೆನ್ನಮ್ಮನನ್ನು, ರಾಯಣ್ಣನನ್ನು ಅರಿತವರಲ್ಲಿ ಎಷ್ಟು ಮಂದಿ ಆ ಲಾವಣಿಕಾರರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲರು?

ಈಗ ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. 2024ರಲ್ಲಿ ಕಿತ್ತೂರು ವಿಜಯಕ್ಕೆ ಇನ್ನೂರು ವರ್ಷ ತುಂಬಿತು. ಉತ್ಸವ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಉತ್ಸವಗಳ ಆಮಂತ್ರಣ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ನೋಡಿ, ಯಾವ ಊರಿನ ಉತ್ಸವವಾದರೂ ಸರಿ. ಉದ್ಘಾಟಕರು, ಅಧ್ಯಕ್ಷರು, ಗೌರವ ಉಪಸ್ಥಿತರು, ವಿಶೇಷ ಆಹ್ವಾನಿತರು ಎಂದು ಶಿಷ್ಟಾಚಾರದ ಪಟ್ಟಿ ಪುಟಗಟ್ಟಲೆ ಸಾಗುತ್ತದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸ್ಥಳೀಯ ಕಲಾವಿದರಿಂದ ಸಾಂಸ್ಕೃತಿಕ ಕಾರ್ಯಕ್ರಮ' ಎಂದಿರುತ್ತದೆ. ದೂರದ ಊರಿನಿಂದ ಬರುವ ಸಿನಿಮಾ ಗಾಯಕನಿಗೆ ಭಾವಚಿತ್ರ ಸಿಗುತ್ತದೆ, ಸ್ಥಳೀಯನಿಗೆ ಹೆಸರೂ ಸಿಗುವುದಿಲ್ಲ. ಫ್ಲೆಕ್ಸ್ ಬೋರ್ಡಿನಲ್ಲಿ ನಗುವ ಮುಖಗಳನ್ನು ಎಣಿಸಿದರೆ ಅದರಲ್ಲಿ ಹಾಡುವವರು ಎಷ್ಟು ಜನ? ಮೊಬೈಲಿನಲ್ಲಿ ಬರುವ ಸುದ್ದಿ ಕರಪತ್ರಕ್ಕಿಂತ ಬೇಗ ಮುಟ್ಟುತ್ತದೆ, ಕರಪತ್ರಕ್ಕಿಂತ ಬೇಗ ಅಳಿಯುತ್ತದೆ. ಅದಕ್ಕೆ ಪೊಟ್ಟಣವಾಗುವ ಭಾಗ್ಯವೂ ಇಲ್ಲ.

ತಜ್ಕಿರಾ ಮತ್ತು ಕವಿಚರಿತೆ

ಹೆಸರು ಉಳಿಸುವ ಕೆಲಸಕ್ಕೆ ನಮ್ಮಲ್ಲಿ ಮಾದರಿಗಳಿಲ್ಲದೆ ಇಲ್ಲ. ಉರ್ದು ಲೋಕದಲ್ಲಿ ತಜ್ಕಿರಾ ಎಂಬ ಪ್ರಕಾರವಿದೆ. ಕವಿಗಳ ಹೆಸರು, ಊರು, ಉಸ್ತಾದ್, ನಡೆನುಡಿ, ಒಂದೆರಡು ಪದ್ಯ, ಜೊತೆಗೆ ಬರೆಯುವವನ ಖಡಾಖಂಡಿತ ಅಭಿಪ್ರಾಯ. 1752ರಲ್ಲಿ ಮೀರ್ ತಕೀ ಮೀರ್ ಬರೆದ 'ನಿಕಾತುಶ್ಶುಅರಾ' ಇಂಥ ಪ್ರಸಿದ್ಧ ಪುಸ್ತಕ. ದೊಡ್ಡವರ ಜೊತೆ ಸಣ್ಣ ಕವಿಗಳೂ ಅದರಲ್ಲಿ ಬದುಕಿಕೊಂಡರು. ಅದರ ಒಂದು ದೋಷವನ್ನೂ ಹೇಳಲೇಬೇಕು: ದಖನ್ನಿನ ಕವಿಗಳ ಬಗ್ಗೆ ಮೀರನಿಗೆ ತಾತ್ಸಾರ. ದೆಹಲಿಯ ಕಿವಿಗೆ ನಮ್ಮ ದಖನಿ ಒರಟಾಗಿ ಕೇಳಿಸಿತು. ಪಟ್ಟಿ ಮಾಡುವವನು ಎಲ್ಲಿ ಕುಳಿತಿದ್ದಾನೆ ಎಂಬುದರ ಮೇಲೆ ಯಾರು ಉಳಿಯುತ್ತಾರೆ ಎಂಬುದು ನಿರ್ಧಾರವಾಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಮಾಡುವ ಪಟ್ಟಿಯಲ್ಲಿ ರಾಮದುರ್ಗದ ಮೇಳ ಬಿಟ್ಟುಹೋಗುವುದೂ ಇದೇ ಕಾರಣಕ್ಕೆ. ಸವದತ್ತಿಯಲ್ಲಿ ಕುಳಿತವನ ಪಟ್ಟಿಯಲ್ಲಿ ಜೋಗತಿಯರು ಬಿಟ್ಟುಹೋಗಬಹುದು, ಮುಸ್ಲಿಂ ಓಣಿಯ ಪಟ್ಟಿಯಲ್ಲಿ ರಿವಾಯತ್ ಹಾಡುವ ವಾಲ್ಮೀಕಿ ಹುಡುಗ ಬಿಟ್ಟುಹೋಗಬಹುದು.

ಕನ್ನಡದಲ್ಲಿ ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಬಂತು. ಓಲೆಗರಿಗಳನ್ನು ಹುಡುಕಿ ಕವಿಗಳ ಹೆಸರು, ಕಾಲ, ಊರು ಕಟ್ಟಿಕೊಟ್ಟ ಆ ಶ್ರಮಕ್ಕೆ ನಾಡು ಋಣಿ. ಆದರೆ ಹಾಡಿದವರಿಗೆ, ಕುಣಿದವರಿಗೆ, ಬಾರಿಸಿದವರಿಗೆ ಅಂಥದೊಂದು ಚರಿತೆ ಊರೂರಿನ ಮಟ್ಟದಲ್ಲಿ ಆಗಬೇಕಾಗಿದೆ. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಈಗ ಪ್ರತ್ಯೇಕ ಅಕಾಡೆಮಿಯಿದೆ. ಅದೊಂದರಿಂದಲೇ ಎಲ್ಲ ಆಗುವುದಿಲ್ಲ. ಒಂದು ತಾಲೂಕಿನ ಶಾಲಾ ಮಾಸ್ತರರು, ಗ್ರಂಥಾಲಯದವರು, ಕಾಲೇಜಿನ ಹುಡುಗರು ಕೈಗೂಡಿಸಿದರೆ ಆಗುವ ಕೆಲಸ ಇದು.

ಊರಿನ ಕಲೆಯ ಸುದ್ದಿ ಕೊಡುವವರು, ಅದು ಗೋಡೆಯ ಮೇಲಿರಲಿ, ಪತ್ರಿಕೆಯಲ್ಲಿರಲಿ, ಕೈಯೊಳಗಿನ ಫೋನಿನಲ್ಲಿರಲಿ, ಹಳ್ಳಿಯ ಆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲಿ. ಎಲ್ಲಿ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಸರಿಯಾಗಿ ಹೇಳಲಿ, ಇಸವಿ ಮರೆಯದಿರಲಿ. ಮೇಳದ ಊರು ಹೇಳಲಿ. ಮುಮ್ಮೇಳದವರ ಜೊತೆ ಹಿಮ್ಮೇಳದವರ ಹೆಸರನ್ನೂ, ಕಲಿಸಿದ ಗುರುವಿನ ಹೆಸರನ್ನೂ ಬರೆಯಲಿ. ಆಟ ಮುಗಿದ ಮೇಲೆ ಹೇಗಿತ್ತು ಎಂದು ಪ್ರಾಮಾಣಿಕವಾಗಿ ಹೇಳುವ ಧೈರ್ಯ ಇರಲಿ. ಕಲಾವಿದನ ಕೈಗೆ ಸಂಭಾವನೆ ಮುಟ್ಟಿತೇ ಎಂದು ಕೇಳಲಿ. ಹಳೆಯ ಸುದ್ದಿಯನ್ನು ಎಸೆಯದೆ ಇಟ್ಟುಕೊಳ್ಳಲಿ. ಇಷ್ಟು ಮಾಡಿದರೆ ಜನ ತಾವಾಗಿಯೇ ಅಲ್ಲಿಗೆ ಬಂದು ನೋಡುತ್ತಾರೆ, ಕರೆಯಬೇಕಾಗಿಲ್ಲ.

ರಾಮದುರ್ಗ ತಾಲೂಕಿನ ಗೊಡಚಿಯ ಜಾತ್ರೆಗೋ, ಯಲ್ಲಮ್ಮನ ಗುಡ್ಡಕ್ಕೋ, ನಿಮ್ಮದೇ ಊರಿನ ಮೊಹರಂಗೋ ಉರುಸಿಗೋ ಮುಂದಿನ ಸಲ ಹೋದಾಗ ಓದುಗರು ಒಂದು ಕೆಲಸ ಮಾಡಬಹುದು. ಹಾಡು ಮುಗಿಯುವವರೆಗೆ ನಿಲ್ಲಿ. ಚಿತ್ರ ತೆಗೆದುಕೊಂಡು ಹೊರಡುವ ಮೊದಲು ಹತ್ತಿರ ಹೋಗಿ ಸಲಾಮೋ ಶರಣೋ ಹೇಳಿ, ಅವರ ಹೆಸರು ಕೇಳಿ. ಡಪ್ಪಿನವರ ಹೆಸರನ್ನೂ ಕೇಳಿ, ಅವರಿಗೆ ಕಲಿಸಿದವರ ಹೆಸರನ್ನೂ ಕೇಳಿ. ಅವರು ಒಪ್ಪಿದರೆ ಊರು, ತಾರೀಖು, ಇಸವಿ ಸೇರಿಸಿ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.